ಮೂರು ಬೆಡ್‌ರೂಮಿನ ದೆವ್ವ

ಧೈರ್ಯವಂತನೆಂಬ ಹೆಸರು ಗಳಿಸುವುದು ಸುಲಭ. ಉಳಿಸಿಕೊಳ್ಳುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ಐವತ್ತರ ಹತ್ತಿರ ಬಂದರೂ ನನಗೆ ದೆವ್ವವೆಂದರೆ ಭಯ. ಹೆಂಡತಿ ವಿಜಯಪುರಕ್ಕೆ ಹೋದರೆ ಮುಂಬಯಿ ಬೊರಿವಲಿಯ ನಮ್ಮ ಮನೆಯಲ್ಲಿ ಬೆಳಗಾಗುವ ತನಕ ಬಾತ್‌ರೂಮಿನ ದೀಪ ಉರಿಯುತ್ತಲೇ ಇರುತ್ತದೆ. ಇಂಥ ನಾನು ಒಮ್ಮೆ ಆಫೀಸಿನಲ್ಲಿ ಡಬ್ಬಿ ಬಿಚ್ಚಿದ ಹೊತ್ತಿನಲ್ಲಿ, ಮದುವೆಗೆ ಮುಂಚೆ ಚಾಳಿನಲ್ಲಿ ದೆವ್ವವಿದೆಯೆಂದು ಹೆಸರಾದ ಒಂದೇ ಕೋಣೆಯ ಖೋಲಿಯಲ್ಲಿ ಎರಡು ವರ್ಷ ಇದ್ದೆನೆಂದು ಕೊಚ್ಚಿಕೊಂಡೆ. ಇದ್ದದ್ದು ನಿಜ. ಜೊತೆಗೆ ಇನ್ನೂ ಐದು ಜನ ಇದ್ದರೆಂಬುದನ್ನು ಮಾತ್ರ ಹೇಳಲಿಲ್ಲ. ಅಂದಿನಿಂದ ಲಿಫ್ಟ್ ಕೆಟ್ಟು ಕತ್ತಲಾದರೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ.

ಕಳೆದ ಭಾನುವಾರ ಗೋರೆಗಾಂವ್‌ನಲ್ಲಿ, ನನ್ನ ಸಹೋದ್ಯೋಗಿ ಧಾರವಾಡದ ಕುಲಕರ್ಣಿಯವರ ಮನೆಯಲ್ಲಿ, ಸಿನಿಮಾ ಮ್ಯಾರಥಾನ್ ಇತ್ತು. ಅವರ ಬಿಲ್ಡಿಂಗ್ ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗಿ, ಈಗ ಗಂಡ ಹೆಂಡತಿ ಬಾಡಿಗೆಯ ಪುಟ್ಟ ಫ್ಲಾಟಿನಲ್ಲಿದ್ದಾರೆ. ಟೀವಿ ದೊಡ್ಡದು, ಹಾಲ್ ಸಣ್ಣದು. ಹೀರೋ ಕೈ ಬೀಸಿದರೆ ನಮ್ಮ ಕಿವಿಗೇ ಬಿದ್ದೀತು ಎನ್ನಿಸುತ್ತದೆ. ಮಾಟುಂಗದಿಂದ ಆಫೀಸಿನ ಶೆಟ್ಟರೂ ಬಂದಿದ್ದರು. ಬೆಳಗ್ಗೆ ಹೊಡೆದಾಟದ ಒಂದು, ಅಳು ತರಿಸುವ ಒಂದು, ಎರಡು ಚಿತ್ರ ಮುಗಿದವು. ಊಟವಾದ ಮೇಲೆ ಕುಲಕರ್ಣಿಯವರು ಪರದೆ ಎಳೆದರು.

"ಇದು ಖಾಸ್ ನಿಮ್ಮ ಸಲುವಾಗಿ, ದೆವ್ವದ್ದು. ನಮಗ ಅಂಜಿಕಿ ಆದ್ರ ನೀವ ಧೈರ್ಯ ಹೇಳಬೇಕ್ರೀ" ಎಂದರು.

ಇಷ್ಟು ವರ್ಷದ ಮರ್ಯಾದೆ ಎರಡು ಗಂಟೆಯಲ್ಲಿ ಮಣ್ಣುಪಾಲಾಗುವುದು ಖಚಿತ ಎಂದುಕೊಂಡು, ಒರೆಸುವ ನೆಪದಲ್ಲಿ ಕನ್ನಡಕ ತೆಗೆದೆ. ತೆಗೆದರೆ ನನಗೆ ಹೀರೋಯಿನ್ನೂ ಮಂಜು, ದೆವ್ವವೂ ಮಂಜು.

ಚಿತ್ರದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಸಮುದ್ರದ ಎದುರಿನ ಖಾಲಿ ಫ್ಲಾಟಿಗೆ ಕಾಲಿಟ್ಟಿತು. ಬಾಗಿಲು ಕಿರ್ರೆಂದಿತು. ನಾನು ಉಸಿರು ಬಿಗಿಹಿಡಿದೆ.

"ಅಯ್ಯ, ಮೂರು ಬೆಡ್‌ರೂಮು!" ಎಂದರು ಕುಲಕರ್ಣಿಯವರ ಹೆಂಡತಿ ಸುಶೀಲಾಬಾಯಿ. "ಅಡಗಿ ಮನಿ ಎಷ್ಟ ದೊಡ್ಡದದ ನೋಡ್ರಿ. ಅರಬಿ ಒಣಾ ಹಾಕ್ಲಿಕ್ಕೆ ಬಾಲ್ಕನಿ ಬ್ಯಾರೆ!"

"ಗಾಳಿ ಬೆಳಕು ಒಳ್ಳೇದುಂಟು ಮಾರಾಯ್ರೆ" ಎಂದರು ಶೆಟ್ಟರು.

ನಾನು ಕನ್ನಡಕ ಹಾಕಿಕೊಂಡೆ. ಬಾಲ್ಕನಿ ನೋಡಬೇಕಿತ್ತು. ಅಲ್ಲಿಗೆ ದೆವ್ವದ ಕಥೆ ಮುಗಿಯಿತು. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಬಾಳಿದವರಿಗೆ ಅಂಥ ಮನೆ ತೋರಿಸಿ ಹೆದರಿ ಎಂದರೆ ಹೇಗೆ ಹೆದರುವುದು? ಒಂದೂಕಾಲು ಗಂಟೆ ಕಳೆದ ಮೇಲೆ ಬಿಳಿ ಸೀರೆಯ ಹೆಂಗಸು ಗೋಡೆಯಿಂದ ಇಳಿದು ಬಂದಳು. ಸೆರಗಿಗೆ ಹಾಕಿದ ಪಿನ್ನು ಮಿಂಚುತ್ತಿತ್ತು. "ಬಾಜೂಕ ಸರೀವಾ, ಬೀರು ಕಾಣವಲ್ದು" ಎಂದು ಸುಶೀಲಾಬಾಯಿ ಅವಳನ್ನೇ ಗದರಿದರು. ಕೊನೆಗೆ ಜೋಡಿ ಮನೆ ಬಿಟ್ಟು ಓಡಿದಾಗ ಕುಲಕರ್ಣಿಯವರಿಗೆ ನಿಜವಾಗಿ ಸಿಟ್ಟು ಬಂತು. "ಹುಚ್ಚ ಮಂದಿ! ಇಷ್ಟ ಜಾಗಾ ಅದ, ಅಕಿಗೊಂದು ಖೋಲಿ ಕೊಟ್ಟಿದ್ರಾಗ್ತಿತ್ತು!"

ನನಗಾದ ನಿರಾಳ ಹೇಳತೀರದು. ಪರೀಕ್ಷೆ ರದ್ದಾದ ಹುಡುಗನ ಖುಷಿ. ಖುಷಿಯಲ್ಲಿ ನಾಲಿಗೆ ಉದ್ದವಾಯಿತು. "ಛೇ, ಇದೂ ಒಂದ ದೆವ್ವ ಏನ್ರೀ? ನಮ್ಮಂಥವ್ರಿಗೆ ಇದು ಯಾತಕ್ಕೂ ಸಾಲಂಗಿಲ್ಲ" ಎಂದುಬಿಟ್ಟೆ.

"ಹಂಗಾರ ಇನ್ನೊಂದ ಅದ" ಎಂದು ಕುಲಕರ್ಣಿಯವರು ರಿಮೋಟ್ ಎತ್ತಿಕೊಂಡರು. "ಅದರಾಗ ಮನೀನ ಇಲ್ಲ, ಬರೇ ಸ್ಮಶಾನ."

ಟ್ರೇನಿನ ನೆಪ ಹೇಳಿ ಎದ್ದೆ. ನನಗಿಂತ ಮೊದಲೇ ಶೆಟ್ಟರು ಚಪ್ಪಲಿ ಮೆಟ್ಟಿದ್ದರು. ಲಿಫ್ಟಿನಲ್ಲಿ ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಸತ್ಯ ಹೇಳ್ತೇನೆ ಮಾರಾಯ್ರೆ, ದೆವ್ವ ಅಂದ್ರೆ ನನಗೆ ಕೈಕಾಲು ನಡುಗ್ತದೆ. ನೀವು ಪಕ್ಕದಲ್ಲಿ ಇದ್ದೀರಿ ಅಂತ ಕೂತದ್ದು" ಎಂದರು.

ಪಾಪ, ಎಷ್ಟು ಸರಳವಾಗಿ ಹೇಳಿಬಿಟ್ಟರು! ನಾನೂ ಹೇಳಿ ಹಗುರಾಗಬಹುದಿತ್ತು. ಹೇಳಲೆಂದೇ ಬಾಯಿ ತೆರೆದೆ.

"ಅಂಜಬ್ಯಾಡ್ರಿ ಶೆಟ್ರ" ಎಂದೆ, ಅವರ ಬೆನ್ನು ತಟ್ಟುತ್ತ. "ಮುಂದಿನ ಸಲಾನೂ ನನ್ನ ಬಾಜೂಕನ ಕೂಡ್ರಿ."