ಎರಡು ಸಾವಿರದ ನಾನೂರು ಭುಜಗಳು

"ಈ ಸಲದ ಪವಿತ್ರ ವಾರ ಬರೋದ್ರೊಳಗೆ ನಮ್ಮ ಸಂಘದ ರಟ್ಟಿನ ಚೀಟಿಗಳನ್ನೆಲ್ಲ ಒಲೆಗೆ ಹಾಕ್ತೀನಿ. ಹಾಕದಿದ್ರೆ ನನ್ನ ಹೆಸರು ಒಬ್ದುಲಿಯೋನೇ ಅಲ್ಲ!"

ಜನವರಿಯ ತುಂಬಿದ ಸಭೆಯಲ್ಲಿ ಹೀಗೆ ಎದೆ ತಟ್ಟಿಕೊಂಡವನು ನಾನೇ. ಹಾರ್ಡ್‌ವೇರ್ ಅಂಗಡಿಯೊಂದರ ಕಂಪ್ಯೂಟರುಗಳನ್ನು ಹದಿನೆಂಟು ವರ್ಷದಿಂದ ಸಾಕುತ್ತಿರುವ ನನಗೆ ಆ ಚೀಟಿಗಳನ್ನೆಲ್ಲ ತುಂಬಿಕೊಳ್ಳುವ ಒಂದು ಡೇಟಾಬೇಸ್ ಸರ್ವರ್ ಕಟ್ಟುವುದು ಯಾವ ಮಹಾ ಕೆಲಸ? ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಎಲ್ವೀರಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮೂವತ್ತು ವರ್ಷದ ಸಂಸಾರದ ಅನುಭವ!

ನಮ್ಮ ಆಂತೀಗ್ವಾದಲ್ಲಿ ಗಂಡಸಿಗೆ ಹುಟ್ಟಿದ ತಾರೀಕು ಮರೆತರೂ ನಡೆಯುತ್ತದೆ, ಭುಜದ ಅಳತೆ ಮರೆಯುವಂತಿಲ್ಲ. ಪವಿತ್ರ ವಾರದ ಮೆರವಣಿಗೆಯಲ್ಲಿ ನಮ್ಮ ಸಂಘ ಹೊರುವ ಯೇಸುವಿನ ಪಲ್ಲಕ್ಕಿಯನ್ನು ಒಂದು ಸರದಿಗೆ ಎಂಬತ್ತು ಜನ ಹೊರಬೇಕು. ಎಂಬತ್ತೂ ಭುಜಗಳು ನೆಲದಿಂದ ಒಂದೇ ಎತ್ತರಕ್ಕಿರಬೇಕು. ಇಲ್ಲದಿದ್ದರೆ ಪಲ್ಲಕ್ಕಿ ವಾಲುತ್ತದೆ, ಉದ್ದನೆಯವನ ಕತ್ತು ಉಳುಕುತ್ತದೆ, ಕುಳ್ಳ ಕೆಳಗಡೆ ಹಾಯಾಗಿ ಕೈಬೀಸಿಕೊಂಡು ಹೋಗುತ್ತಾನೆ. ಅದಕ್ಕೇ ಪ್ರತಿಯೊಬ್ಬನನ್ನೂ ಗೋಡೆಗೆ ಒರಗಿಸಿ, ನೆಲದಿಂದ ಭುಜದವರೆಗೆ ಟೇಪು ಹಿಡಿದು, ಅಳತೆಗೆ ತಕ್ಕ ಸರದಿಗೆ ಹಾಕುತ್ತಾರೆ. ಮೂವತ್ತು ಸರದಿ, ಎರಡು ಸಾವಿರದ ನಾನೂರು ಭುಜ. ಇಷ್ಟೂ ಭುಜಗಳು ಇದುವರೆಗೆ ಬಿಸ್ಕತ್ತಿನ ಡಬ್ಬಗಳಲ್ಲಿ ರಟ್ಟಿನ ಚೀಟಿಗಳಾಗಿ ಬಿದ್ದಿದ್ದವು.

ಇದರಲ್ಲಿ ಮೊದಲನೆಯ ಸರದಿಯ ಗತ್ತೇ ಬೇರೆ. ಚರ್ಚಿನ ಬಾಗಿಲಿನಿಂದ ಪಲ್ಲಕ್ಕಿಯನ್ನು ಹೊರಗೆ ತರುವವರು ಅವರು. ಅಲ್ಲಿ ಭುಜ ಸರಿಯಾಗಿ ನೂರನಲವತ್ತು ಸೆಂಟಿಮೀಟರ್ ಇರಬೇಕು. ಒಂದು ಹೆಚ್ಚಾದರೆ ಯೇಸುವಿನ ತಲೆಯ ಹಿಂದಿನ ಬೆಳ್ಳಿಯ ಪ್ರಭಾವಳಿ ಬಾಗಿಲಿಗೆ ತಾಗುತ್ತದೆ. ಆ ಸರದಿಯ ಹನ್ನೆರಡನೆಯ ಜಾಗದಲ್ಲಿ ನನ್ನ ಮಾವನವರು ಮೂವತ್ತೊಂದು ವರ್ಷ ಹೊತ್ತರು. ಅವರು ಹೋಗಿ ಮೂರು ವರ್ಷವಾಯಿತು. ಅಂದಿನಿಂದ ಯಾರ್ಯಾರೋ ಅಲ್ಲಿ ನಿಲ್ಲುತ್ತಾರೆ, ಮೆರವಣಿಗೆ ಹೊರಡುವಾಗ ಎಲ್ವೀರಾ ಮುಖ ತಿರುಗಿಸಿಕೊಳ್ಳುತ್ತಾಳೆ. ಅಲ್ಲಿ ನಾನು ನಿಲ್ಲಬೇಕು, ಅವಳು ನನ್ನನ್ನು ನೋಡಬೇಕು. ನನ್ನ ಆಸೆ ಅಷ್ಟೇ.

ಸಂಘದ ಹಿರಿಯರಾದ ದೋನ್ ಅನ್ಸೆಲ್ಮೋ ಸಭೆಯಲ್ಲೇ ಹೇಳಿದರು: "ಕೆಲಸ ಮುಗಿಸಿಕೊಡಪ್ಪಾ, ಹನ್ನೆರಡನೇ ಜಾಗ ಈ ಸಲ ನಿಮ್ಮ ಮನೆಗೇ. ಅಳತೆ ಕೂಡಿಬಂದ್ರೆ ಮಾತ್ರ!"

ನನ್ನ ಅಳತೆ ನೂರಮೂವತ್ತನಾಲ್ಕು.

ಮನೆಗೆ ಬರುವ ದಾರಿಯಲ್ಲಿ ಎಲ್ವೀರಾ ಮೆಲ್ಲಗೆ ಶುರು ಮಾಡಿದಳು. "ನೆರಿ ಇದ್ದಾನಲ್ಲ? ನನ್ನ ತಮ್ಮ ಅಪ್ಪನ ಹಾಗೇ ಉದ್ದ. ಅಪ್ಪನ ಜಾಗ ಬಾಯಿಬಿಟ್ಟು ಕೇಳೋಕೆ ನಾಚಿಕೆ ಅವನಿಗೆ. ನೀನೇ ಒಂದು ಮಾತು ಹೇಳು."

"ನೆರಿ?! ಟಿವಿ ರಿಮೋಟಲ್ಲಿ ಬ್ಯಾಟರಿ ತಿರುಗಿಸಿ ಹಾಕೋನು! ಸರ್ವರ್ ಕಟ್ಟೋದು ನಾನು, ಜಾಗ ಅವನಿಗಾ?"

"ಸರ್ವರ್ ಕಟ್ಟಿದ್ರೆ ಭುಜ ಬೆಳೆಯುತ್ತಾ?"

ನಾನು ಹೆಜ್ಜೆ ಜೋರು ಮಾಡಿದೆ.

ಅಂಗಡಿಯಿಂದ ಹಳೆಯ ಕಂಪ್ಯೂಟರ್ ತಂದೆ. ಎಲ್ವೀರಾ ಸಂಘದ ನೇರಳೆ ನಿಲುವಂಗಿಗಳನ್ನು ಹೊಲಿಯುವ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಕೆಳಗೆ ಪ್ರತಿಷ್ಠಾಪಿಸಿದೆ. ಒಂದು ವಾರ ಅವಳು ಚೀಟಿ ಓದಿದಳು, ನಾನು ಕುಟ್ಟಿದೆ. ಇನ್ನು ಮೂವತ್ತು ಸರದಿಗಳ ಮೂವತ್ತು ಮುಖಂಡರು ತಮ್ಮ ತಮ್ಮ ಮನೆಯಲ್ಲೇ ಕೂತು ನನ್ನ ಸರ್ವರಿಗೆ ಸಂಪರ್ಕ ಸಾಧಿಸಿ, ಪಟ್ಟಿ ನೋಡಿ, ನನ್ನನ್ನು ಹೊಗಳುವುದೊಂದೇ ಬಾಕಿ!

ಒಬ್ಬನಿಗೂ ಸಂಪರ್ಕ ಸಿಗಲಿಲ್ಲ.

ಎರಡು ದಿನ ನಾನು ಮನುಷ್ಯನಾಗಿರಲಿಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಅರಚಿದೆ. ರೂಟರನ್ನು ಹನ್ನೊಂದು ಸಲ ಆರಿಸಿ ಹೊತ್ತಿಸಿದೆ. ಪಕ್ಕದ ಮನೆಯವರ ನಾಯಿಗೂ ಬೈದೆ. ತಂತಿ ಹಾದುಹೋಗುವ ಗೋಡೆಯ ಬುಡದಲ್ಲೇ ಅದು ಮಲಗುತ್ತಿತ್ತು! ಮೂರನೆಯ ದಿನ ಸೆಟ್ಟಿಂಗಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಈ ಸರ್ವರ್ ಹುಟ್ಟಿದಾಗ ತಾನು ಕೂತ ಕಂಪ್ಯೂಟರಿನ ಮಾತನ್ನು ಮಾತ್ರ ಕೇಳುತ್ತದಂತೆ. ಹೊರಗಿನವರು ಎಷ್ಟು ಬಡಿದುಕೊಂಡರೂ ಕಿವಿಗೊಡುವುದಿಲ್ಲ. ಕೇಳು ಎಂದು ನಾವೇ ಹೇಳಬೇಕು.

"ತನ್ನ ಮಾತು ತಾನೇ ಕೇಳಿಸ್ಕೊಂಡು ಕೂತಿರುತ್ತಾ?" ಎಲ್ವೀರಾ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು. "ಇಂಥವರನ್ನ ಎಲ್ಲೋ ನೋಡಿದೀನಲ್ಲ!"

ಆ ಸಾಲನ್ನು ತಿದ್ದಿದೆ, ರೂಟರಿನಲ್ಲಿ ಬಾಗಿಲು ತೆರೆದೆ, ಸಂಪರ್ಕ ಸಿಕ್ಕಿತು. ಈಗ ಬೇರೆ ಪೀಡೆ ಶುರುವಾಯಿತು. ಮುಖಂಡರು ಪಟ್ಟಿ ನೋಡಬಹುದಿತ್ತು, ತಿದ್ದುವ ಹಾಗಿರಲಿಲ್ಲ. ತಿದ್ದಹೋದವರಿಗೆ ತೆರೆಯ ಮೇಲೆ ಬರಲೆಂದು ಒಂದು ಸಂದೇಶವನ್ನು ನಾನೇ ಖುಷಿಯಿಂದ ಬರೆದಿಟ್ಟಿದ್ದೆ: "ಅನುಮತಿ ಇಲ್ಲ. ಒಬ್ದುಲಿಯೋ ಅವರನ್ನು ಕೇಳಿ." ಕೇಳಿದರಲ್ಲ ಮಹಾರಾಯರು! ಬೆಳಿಗ್ಗೆ ಹಲ್ಲುಜ್ಜುವಾಗ ಕೇಳಿದರು, ಮಧ್ಯಾಹ್ನ ಒಣಮೀನಿನ ಸಾರು ಬಾಯಿಗಿಡುವಾಗ ಕೇಳಿದರು, ಪಾಪನಿವೇದನೆಯ ಸಾಲಿನಲ್ಲಿ ನಿಂತಾಗಲೂ ಬೆನ್ನು ತಟ್ಟಿ ಕೇಳಿದರು. ಒಬ್ಬನಿಗೆ ಹೆಸರು ತಿದ್ದಬೇಕು, ಇನ್ನೊಬ್ಬನಿಗೆ ಫೋನ್ ನಂಬರು. ನೆತ್ತಿಗೇರಿತು! "ತಗೊಳ್ಳಿ, ಎಲ್ಲರಿಗೂ ಎಲ್ಲಾ ಅನುಮತಿ! ಏನು ಬೇಕಾದ್ರೂ ತಿದ್ಕೊಂಡು ಸಾಯಿರಿ!" ಎಂದು ಒಂದೇ ಸಾಲಿನ ಆಜ್ಞೆ ಕೊಟ್ಟು ಕೀಲಿಮಣೆಯನ್ನು ಗುದ್ದಿದೆ.

"ಎಲ್ಲರಿಗೂ ಎಲ್ಲಾನಾ?" ಎಂದಳು ಎಲ್ವೀರಾ.

"ನಾನೇನು ಪೆದ್ದನಾ? ಯಾರು, ಯಾವಾಗ, ಯಾವ ಅಂಕಿ ತಿದ್ದಿದ್ರು ಅಂತ ಒಂದೊಂದೂ ದಾಖಲಾಗೋ ಹಾಗೆ ಇಟ್ಟಿದ್ದೀನಿ. ದೇವರ ಕಣ್ಣು ತಪ್ಪಿಸ್ಬಹುದು, ನನ್ನ ಸರ್ವರ್ ಕಣ್ಣು ತಪ್ಪಿಸೋಕಾಗಲ್ಲ!"

ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ಮೂವತ್ತರಲ್ಲಿ ಇಪ್ಪತ್ತೊಂಬತ್ತು ಜನ ಸಂಪರ್ಕ ಪಡೆದರು. ಉಳಿದವನು ತಾನು ಹೊರದೆ ಒಂಬತ್ತನೆಯ ಸರದಿಯನ್ನು ನಡೆಸುವ ಮುಖಂಡ, ನನ್ನ ಪ್ರೀತಿಯ ಭಾವಮೈದುನ ನೆರಿ. ಪಕ್ಕದ ಊರಾದ ಸ್ಯುದಾದ್ ವಿಯೇಹಾದಿಂದ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ.

"ಭಾವ, ನೀವು ಹೇಳಿದ ವಿಳಾಸ ಹಾಕ್ದೆ. ಚಪ್ಪಲಿ ಅಂಗಡಿ ಜಾಹೀರಾತು ಬರ್ತಿದೆ."

"ಲೋ, ಗೂಗಲ್‌ನಲ್ಲಿ ಯಾಕೋ ಹಾಕ್ತೀಯಾ! ನಾನು ಕೊಟ್ಟ ಪ್ರೋಗ್ರಾಂ ತೆಗಿ!"

"ತೆಗೆದುಹಾಕಿಬಿಟ್ಟೆ ಭಾವ. ನಿನ್ನೆ ನೀವೇ ತೆಗಿ ಅಂದ್ರಲ್ಲ."

ರಕ್ತ ಕುದಿಯಿತು. ಲ್ಯಾಪ್‌ಟಾಪ್ ಬಗಲಿಗೇರಿಸಿ ಬಸ್ಸು ಹತ್ತಿ ಅವನ ಮನೆಗೇ ನುಗ್ಗಿದೆ. ಅವನ ಇಂಟರ್ನೆಟ್ಟಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಸಂಪರ್ಕ ಚಕ್ಕನೆ ಸಿಕ್ಕಿತು. ದೂರದಿಂದ ತಿದ್ದಿದ್ದು ನಿಜಕ್ಕೂ ಸರ್ವರಿಗೆ ಹೋಗಿ ಸೇರುತ್ತದೆಯೇ ಎಂದು ನೋಡಬೇಡವೇ? ಪರೀಕ್ಷೆಗೆಂದು ಒಂದು ಅಂಕಿಯನ್ನು ತಿದ್ದಿ ಎಲ್ವೀರಾಗೆ ಫೋನ್ ಮಾಡಿದೆ. "ಬಂತು ಬಂತು, ಏನೋ ಮಿಣುಕ್ತಿದೆ," ಎಂದಳು. ಯಾವ ಅಂಕಿ ಎಂಬುದು ಇಲ್ಲಿ ಮುಖ್ಯವಲ್ಲ. ವಾಪಸು ತಿದ್ದಬೇಕು ಅನ್ನುವಷ್ಟರಲ್ಲಿ ನೆರಿ ಬಿಸಿ ಕಾಫಿ, ಬೆಲ್ಲದಲ್ಲಿ ಬೇಯಿಸಿದ ಕಡಲೆ ತಂದಿಟ್ಟ. ಅವನ ಕಂಪ್ಯೂಟರಿಗೆ ಮಾತ್ರ ಕೊನೆಗೂ ಸಂಪರ್ಕ ಸಿಗಲಿಲ್ಲ. ಅವನನ್ನು ಚೆನ್ನಾಗಿ ಬೈದು, ಕಡಲೆ ತಿಂದು ಬಂದೆ.

ಮೆರವಣಿಗೆಗೆ ಹತ್ತು ದಿನವಿದೆ ಅನ್ನುವಾಗ ದೋನ್ ಅನ್ಸೆಲ್ಮೋ ಫೋನ್ ಮಾಡಿದರು.

"ಒಬ್ದುಲಿಯೋ, ಮೊದಲನೇ ಸರದಿಗೆ ಎಷ್ಟು ಜನ ಬೇಕಪ್ಪಾ?"

"ಎಂಬತ್ತು, ದೋನ್ ಅನ್ಸೆಲ್ಮೋ."

"ನಿನ್ನ ಪಟ್ಟೀಲಿ ನಾನೂರ ಹನ್ನೊಂದು ಜನ ಇದ್ದಾರೆ! ಎಲ್ಲರ ಭುಜಾನೂ ನೂರನಲವತ್ತು! ಇಪ್ಪತ್ತೆಂಟನೇ ಸರದೀಲಿ ಆರೇ ಆರು ಜನ ಉಳಿದಿದ್ದಾರೆ. ಊರಿನ ಕುಳ್ಳರೆಲ್ಲ ಎಲ್ಲಿ ಹೋದ್ರಯ್ಯಾ?!"

ಪಟ್ಟಿ ತೆರೆದು ನೋಡಿದೆ, ಕಣ್ಣು ಕತ್ತಲಿಟ್ಟಿತು. ಬೇಕರಿಯ ಫೌಸ್ತೋ, ನನ್ನ ಎದೆಯವರೆಗೆ ಬರುವ ಫೌಸ್ತೋ, ನೂರನಲವತ್ತು! ನಮ್ಮ ಕ್ಷೌರಿಕ, ಸ್ಟೂಲು ಹಾಕಿಕೊಂಡು ನನ್ನ ತಲೆ ಕತ್ತರಿಸುವವನು, ನೂರನಲವತ್ತು! ಇಪ್ಪತ್ತೊಂಬತ್ತು ಮುಖಂಡರು ತಮ್ಮ ಭುಜ, ತಮ್ಮನ ಭುಜ, ಗೆಳೆಯನ ಭುಜ ಎಲ್ಲವನ್ನೂ ಮನೆಯಲ್ಲಿ ಕೂತು ಬೆಳೆಸಿದ್ದರು. ಗೊಬ್ಬರ ಹಾಕಿದರೂ ಇಷ್ಟು ಬೆಳೆಯುತ್ತಿರಲಿಲ್ಲ!

ಈ ಕಳ್ಳರು ಹೊತ್ತಿದ್ದರೆ ಪಲ್ಲಕ್ಕಿ ಬಾಗಿಲಲ್ಲೇ ಮಗುಚುತ್ತಿತ್ತು. ಮಾವನವರು ನಿಂತ ಜಾಗದಲ್ಲಿ! ನನಗೆ ಬಂದ ಸಿಟ್ಟು ನಿಜವಾದ ಸಿಟ್ಟು, ಅದರಲ್ಲಿ ನಾಟಕವಿರಲಿಲ್ಲ. "ಸಭೆ ಕರೀರಿ!" ಎಂದು ಫೋನಿನಲ್ಲೇ ಗುಡುಗಿದೆ. "ದಾಖಲೆ ಇದೆ ನನ್ನ ಹತ್ರ. ಒಬ್ಬೊಬ್ಬನ ಹೆಸರೂ ಗೋಡೆ ಮೇಲೆ ತೋರಿಸ್ತೀನಿ. ಎಲ್ಲರನ್ನೂ ಸಂಘದಿಂದ ಆಚೆ ಹಾಕಿ!"

"ಕೂಗಾಡೋಕೆ ಮುಂಚೆ ಆ ದಾಖಲೆ ಒಂದ್ಸಲ ನೀನೇ ಓದ್ಕೋಬಾರ್ದಾ?" ಎಂದಳು ಎಲ್ವೀರಾ.

"ಓದೋದೇನಿದೆ? ಸಾಕ್ಷಿ ಅಂದ್ರೆ ಸಾಕ್ಷಿ!"

ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಭೆ. ಪ್ರೊಜೆಕ್ಟರ್ ಇಟ್ಟು, ಬಿಳಿ ಬಟ್ಟೆ ಕಟ್ಟಿಸಿದೆ. ಇಪ್ಪತ್ತೊಂಬತ್ತು ಮುಖಂಡರು ನೆಲ ನೋಡುತ್ತಾ ಕೂತಿದ್ದರು. ನೆರಿ ಒಬ್ಬನೇ ಏನೂ ತಿಳಿಯದೆ ಕಿಟಕಿಯ ಬಳಿ ನಿಂತು ಬ್ರೆಡ್ಡು ತಿನ್ನುತ್ತಿದ್ದ.

ಕಾಲು ಗಂಟೆ ಭಾಷಣ ಬಿಗಿದೆ. ಸತ್ಯ, ಭಕ್ತಿ, ನಂಬಿಕೆದ್ರೋಹ, ಒಂದನ್ನೂ ಬಿಡಲಿಲ್ಲ. "ಯೇಸುವಿನ ಭಾರ ಹೊರೋಕೆ ಸುಳ್ಳು ಭುಜ ಕೊಡ್ತೀರಾ? ಥೂ! ಈ ಪಾಪ ಶುರು ಮಾಡಿದವನು ಯಾರು? ಮೊದಲನೇ ಸುಳ್ಳು ಯಾರದು? ತಾರೀಕಿನ ಪ್ರಕಾರ ಜೋಡಿಸಿದ್ದೀನಿ, ನೋಡಿ!" ಎಂದು ಗುಂಡಿ ಒತ್ತಿದೆ.

ಬಟ್ಟೆಯ ಮೇಲೆ, ಮೊದಲನೆಯ ಸಾಲಿನಲ್ಲಿ, ಅಂಗೈಯಗಲದ ಅಕ್ಷರಗಳು ಮೂಡಿದವು.

"ತಿದ್ದಿದವರು: ಒಬ್ದುಲಿಯೋ. ಯಾರ ಭುಜ: ಒಬ್ದುಲಿಯೋ. ಮೊದಲು: ೧೩೪. ಈಗ: ೧೪೦."

ಮುಖಂಡರಲ್ಲೊಬ್ಬನಾದ ಫೌಸ್ತೋ ಎದ್ದು ನಿಂತ. ಎದ್ದರೂ ಕೂತ ಹಾಗೇ ಇದ್ದ. "ನಿನ್ನದು ನೂರನಲವತ್ತು ಅಂತ ನೋಡಿದ್ಮೇಲೇ ಕಣಯ್ಯಾ ನಮಗೆಲ್ಲ ಧೈರ್ಯ ಬಂದಿದ್ದು! ಇವನಿಗೇ ಅಷ್ಟಾದ್ರೆ ನನಗೇನು ಕಮ್ಮಿ ಅಂತ ನಾನೂ ಹಾಕ್ದೆ!"

"ಅದು ಪರೀಕ್ಷೆಗೆ..." ಎಂದೆ. "ಸಂಪರ್ಕ ಸರಿ ಇದೆಯಾ ಅಂತ... ಆಮೇಲೆ ಕಾಫಿ ಬಂತು..."

"ಹೌದು, ಕಾಫಿ ನಾನೇ ಕೊಟ್ಟೆ," ಎಂದು ನೆರಿ ಪಾಪ ನನ್ನ ಪರವಾಗಿ ಸಾಕ್ಷಿ ಹೇಳಿದ. ಗೋಡೆ ಅದುರುವ ಹಾಗೆ ನಕ್ಕರು. ಜೀವಮಾನವಿಡೀ ನಾನು ಇನ್ನೊಬ್ಬರಿಗೆ ಬೈದಿದ್ದೆಲ್ಲ ಒಂದೇ ಸಲ ಮುಖಕ್ಕೆ ಬಂದು ಬಡಿದ ಹಾಗಾಯಿತು. ನಾಚಿಕೆಯಾಯಿತು. ಎಲ್ವೀರಾ ಕೂತಿದ್ದ ಹಿಂದಿನ ಸಾಲಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ದೋನ್ ಅನ್ಸೆಲ್ಮೋ ಕೈಯೆತ್ತಿ ನಗು ನಿಲ್ಲಿಸಿದರು. "ಇನ್ನು ಮೂರು ದಿನದಲ್ಲಿ ಎಲ್ಲರದೂ ಹೊಸದಾಗಿ ಅಳತೆ. ಟೇಪು ಎಲ್ವೀರಾ ಕೈಲಿ. ತಿದ್ದೋ ಅನುಮತಿನೂ ಅವಳೊಬ್ಬಳಿಗೇ. ಉಳಿದ ಎಲ್ಲರದೂ ತೆಗಿ. ನಿಂದೂ ಸೇರಿಸಿ, ಈಗ್ಲೇ, ನನ್ನ ಕಣ್ಣೆದುರಿಗೆ!"

ತೆಗೆದೆ.

ಬಿಸ್ಕತ್ತಿನ ಡಬ್ಬಗಳು ವಾಪಸು ಬಂದವು. ಮೂರು ದಿನ ಎರಡು ಸಾವಿರದ ನಾನೂರು ಭುಜಗಳು ಗೋಡೆಗೆ ಒರಗಿದವು. ನೆರಿಯ ಅಳತೆ ಚೀಟಿಯಲ್ಲಿದ್ದ ಹಾಗೆಯೇ ಬಂತು: ನೂರನಲವತ್ತು. ಮುಖಂಡರ ಪೈಕಿ ಅಂಕಿ ತಿದ್ದದವನು ಅವನೊಬ್ಬನೇ. ಸರ್ವರಿಗೆ ಸಂಪರ್ಕ ಸಿಗದ ಏಕೈಕ ಪ್ರಾಣಿ!

"ಹನ್ನೆರಡನೇ ಜಾಗ," ಎಂದರು ದೋನ್ ಅನ್ಸೆಲ್ಮೋ. "ಮನೆಗೇ ಕೊಡ್ತೀನಿ ಅಂದಿದ್ದೆನಲ್ಲ."

ಎಲ್ವೀರಾ ಟೇಪನ್ನು ಕತ್ತಿಗೆ ಹಾಕಿಕೊಂಡು ತಮ್ಮನ ಭುಜದ ಮೇಲೆ ಕೈಯಿಟ್ಟಳು. "ಅಪ್ಪನದೂ ಸರಿಯಾಗಿ ಇಷ್ಟೇ ಇತ್ತು ಕಣೋ," ಎಂದು ಅತ್ತೇಬಿಟ್ಟಳು. ನಾನೂ ಮೂಗು ಒರೆಸಿಕೊಂಡೆ. ಸಿಟ್ಟು ಮಾಡಿಕೊಳ್ಳಲು ಎಷ್ಟು ಹುಡುಕಿದರೂ ಅಲ್ಲಿ ಏನೂ ಸಿಗಲಿಲ್ಲ.

ಕೊನೆಗೆ ನನ್ನ ಪಾಳಿ.

"ನೂರಮೂವತ್ತಮೂರು!" ಎಂದು ಕೂಗಿದಳು.

"ನೂರಮೂವತ್ತನಾಲ್ಕು ಇತ್ತಲ್ಲೇ!"

"ಇತ್ತು. ಮೂರು ತಿಂಗಳು ಕೂಗಾಡಿ ಕೂಗಾಡಿ ಒಂದು ಸವೆದುಹೋಗಿದೆ."

ಒಂದು ಸೆಂಟಿಮೀಟರ್ ಎಂದರೆ ಏನು ಎಂದುಕೊಂಡಿರಿ? ನೂರಮೂವತ್ತನಾಲ್ಕರವರು ಪಲ್ಲಕ್ಕಿ ಹೊತ್ತು ನಮ್ಮ ಮನೆಯ ಮುಂದೆ, ಎಲ್ವೀರಾ ಬಣ್ಣದ ಮರದಪುಡಿಯಲ್ಲಿ ಬಿಡಿಸುವ ರಂಗೋಲಿಯ ಮೇಲೆ ನಡೆಯುತ್ತಾರೆ. ನೂರಮೂವತ್ತಮೂರರವರ ಪಾಲಿಗೆ ಬರುವುದು ಬಸ್ ನಿಲ್ದಾಣದ ಹಿಂದಿನ ಗೋಡೆ. ಹನ್ನೆರಡನೆಯ ಜಾಗವಂತೂ ಹೋಯಿತು, ಸ್ವಂತ ಮನೆಯ ಬಾಗಿಲೂ ಇಲ್ಲವೇ?

ಮರುದಿನ ಎಲ್ವೀರಾ ಮರದಪುಡಿ ಜರಡಿ ಹಿಡಿಯಲು ಪಕ್ಕದ ಮನೆಗೆ ಹೋದಳು. ನಾನು ಇಸ್ತ್ರಿ ಮೇಜಿನ ಕೆಳಗೆ ತೂರಿಕೊಂಡೆ. ಒಂದೇ ಒಂದು ಸೆಂಟಿಮೀಟರ್! ಅದೂ ಮೊದಲು ನನ್ನದೇ ಆಗಿದ್ದದ್ದು! ಹೆಸರು ಹುಡುಕಿ, ಮೂರನ್ನು ಅಳಿಸಿ, ನಾಲ್ಕು ಹಾಕಿ ಒತ್ತಿದೆ.

ನನ್ನ ಮನೆಯಲ್ಲಿ, ನಾನೇ ಕಟ್ಟಿದ ಸರ್ವರ್ ನನಗೆ ಉತ್ತರ ಕೊಟ್ಟಿತು: "ಅನುಮತಿ ಇಲ್ಲ. ಒಬ್ದುಲಿಯೋ ಅವರನ್ನು ಕೇಳಿ."

ಬಾಗಿಲ ಬಳಿ ಜರಡಿ ಹಿಡಿದು ನಿಂತಿದ್ದ ಎಲ್ವೀರಾ ಅದನ್ನು ಗಟ್ಟಿಯಾಗಿ ಓದಿದಳು.

"ಕೇಳಪ್ಪಾ ಮತ್ತೆ," ಎಂದಳು. "ಏನಂತಾನಂತೆ?"