ವಿಮಾನಕ್ಕೊಂದು ಎಲೆ

ನನ್ನ ಸೋದರಮಾವನಿಗೆ ತೀರಿಹೋದ ಹಿರಿಯರು ಐವರು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮತ್ತು ಒಂದು ವಿಮಾನ!

ನಂಬಿಕೆ ಬರಲಿಲ್ಲವೆ? ಹಿರಿಯರಿಗೆ ಬಡಿಸುವ ದಿನ ತಲ್ಲೂರಿನ ಅವರ ಮನೆಗೆ ಬರಬೇಕಿತ್ತು ನೀವು. ನಾಲ್ಕು ಬಾಳೆ ಎಲೆಗಳಲ್ಲಿ ಅನ್ನ, ಕೋಳಿ, ಬಂಗುಡೆ ಮೀನು. ಐದನೆಯದರಲ್ಲಿ ಒಂದು ಹಳೆಯ ಸ್ಪ್ಯಾನರ್, ಅದರ ಮುಂದೆ ಒಂದು ಚಮಚ ಇಂಜಿನ್ ಆಯಿಲ್!

ಮಾವ ಬೊಂಬಾಯಿಯಲ್ಲಿ ಡಕೋಟ ವಿಮಾನದ ಇಂಜಿನ್ ಒರೆಸುತ್ತಿದ್ದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಚರಿತ್ರೆ ಎಂದರೆ ಅವರು ಹೇಳಿದ್ದೇ. ಅದರಲ್ಲಿ ಅಶೋಕನೂ ಇಲ್ಲ, ಅಕ್ಬರನೂ ಇಲ್ಲ. ಡಕೋಟ ಅಮೆರಿಕದಲ್ಲಿ ಹುಟ್ಟಿತು, ಯುದ್ಧದಲ್ಲಿ ಸಿಪಾಯಿಗಳನ್ನು ಹೊತ್ತಿತು, ಯುದ್ಧ ಮುಗಿದ ಮೇಲೆ ಸೀಟು ಹಾಕಿಸಿಕೊಂಡು ನಮ್ಮ ದೇಶಕ್ಕೂ ಬಂತು. ಬಾಲ ನೆಲಕ್ಕೂರಿ ನಿಲ್ಲುತ್ತಿದ್ದುದರಿಂದ ಮುಂದಿನ ಸೀಟಿನವರು ಗುಡ್ಡೆ ಹತ್ತಿದಂತೆ ಹತ್ತಬೇಕಿತ್ತಂತೆ. ಮಂಗಳೂರಿನ ಬಜ್ಪೆಗೂ ಬರುತ್ತಿತ್ತಂತೆ. ಹಾಗಾದರೆ ಮಾವ ಅದರಲ್ಲಿ ಕೂತು ಬರುತ್ತಿದ್ದರಾ? ಎಲ್ಲಿಂದ! ಅವರು ಊರಿಗೆ ಬರುತ್ತಿದ್ದುದು ಬಸ್ಸಿನಲ್ಲಿ, ದಾರಿಯುದ್ದ ವಾಂತಿ ಮಾಡಿಕೊಂಡು.

ಒಮ್ಮೆ ಮಳೆಗಾಲದಲ್ಲಿ ಬಲಗಡೆಯ ಇಂಜಿನ್ ನಡು ಆಕಾಶದಲ್ಲೇ ನಿಂತಿತಂತೆ. ಕೆಳಗೆ ಮಾವ ಒರೆಸುವ ಬಟ್ಟೆ ಹಿಡಿದು ಆಕಾಶ ನೋಡುತ್ತಿದ್ದರೆ, ಡಕೋಟ ಎಡಗಡೆಯದೊಂದರಲ್ಲೇ ಬಂದು ಇಳಿಯಿತಂತೆ. ತೊಂಬತ್ತೇಳರಲ್ಲಿ ನಾನು ಗಂಗೊಳ್ಳಿಯಲ್ಲಿ ದೋಣಿ ಇಂಜಿನ್ ರಿಪೇರಿ ಅಂಗಡಿ ತೆರೆದ ದಿನ ಬಂದವರನ್ನೆಲ್ಲ ಕೂರಿಸಿ ಈ ಕತೆ ಹೇಳಿದರು. "ಒಂದ್ ನಿಂತ್ರೂ ಇನ್ನೊಂದ್ರಗೆ ಮನಿಗ್ ಬತ್ತಿದ್ದಿತ್ತ್, ಅದ್ ಇಂಜಿನ್ ಅಂದ್ರೆ" ಎಂದು ಮುಗಿಸಿದರು. ಒಂದೇ ಇಂಜಿನ್ನಿನ ದೋಣಿಯವರು ಮುಖ ಮುಖ ನೋಡಿಕೊಂಡರು. ನನ್ನ ವ್ಯಾಪಾರ ಶುರುವಾದದ್ದೇ ಹೀಗೆ!

ಅದಕ್ಕೂ ಬಹಳ ಹಿಂದೆ, ಜೆಟ್ ವಿಮಾನಗಳು ಬಂದ ಮೇಲೆ, ಆ ಡಕೋಟವನ್ನು ಗುಜರಿಗೆ ಒಡೆದರು. ಮಾವ ಸ್ಪ್ಯಾನರ್ ಒಂದನ್ನು ಕೇಳಿ ಪಡೆದು ಊರಿಗೆ ಬಂದುಬಿಟ್ಟರು. ವಿಮಾನಕ್ಕೆ ಎಲೆ ಹಾಕುವ ಕ್ರಮ ಎಲ್ಲಿಯದು ಎಂದು ಅತ್ತೆ ಕೇಳಿದ್ದಕ್ಕೆ ಅವರ ಉತ್ತರ ಹೀಗಿತ್ತು: "ಅದ್ ಸಾಯೂದ್ ನಾನ್ ಕಣ್ಣಾರೆ ಕಂಡಿದ್ದೆ. ಸತ್ತರಿಗ್ ಎಲಿ ಹಾಕ್ದೆ ಬದ್ಕಿಪ್ಪರಿಗ್ ಹಾಕೂದಾ?" ಒಂದು ವರ್ಷ ಅತ್ತೆ ಕನಿಕರಪಟ್ಟು ಆ ಎಲೆಗೂ ಬಂಗುಡೆ ಬಡಿಸಿದರು. ಮಾವ ಎತ್ತಿ ತೆಗೆದರು. "ಅದ್ ಎಣ್ಣಿ ಬಿಟ್ರೆ ಬೇರೆಂತದೂ ಮುಟ್ತಿಲ್ಲೆ." ಎಣ್ಣೆ ನೆಲಕ್ಕೆ ಚೆಲ್ಲಿತೆಂದು ಅತ್ತೆ ವರ್ಷ ವರ್ಷವೂ ಬೈದು ಒರೆಸುತ್ತಿದ್ದರು.

ಆಮೇಲೊಂದು ವರ್ಷ ಮಾವನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಹಿರಿಯರಿಗೆ ಬಡಿಸುವ ಕ್ರಮ ನಮ್ಮಲ್ಲಿಲ್ಲ. ನಾಲ್ಕು ಎಲೆಗೆ ನಾನೇ ಬಡಿಸಿದೆ. ಎಣ್ಣೆಯ ಚಮಚಕ್ಕೆ ಕೈ ಹಾಕಿದರೆ ತಡೆದರು.

"ಬ್ಯಾಡ ಅಳಿಯ. ಅದಕ್ ನಿನ್ ಕೈ ಗುರ್ತ ಇಲ್ಲೆ. ಇನ್ ಮೇಲ್ ಆ ಎಲಿ ಬ್ಯಾಡ, ಎತ್ತ್."

ಊಟವೂ ಬೇಡ, ಮದ್ದೂ ಬೇಡ ಎನ್ನುತ್ತ ತಿಂಗಳಿಂದ ಗೋಡೆಗೆ ಮುಖ ಹಾಕಿ ಮಲಗಿದ್ದ ಮನುಷ್ಯ. ಈಗ ವಿಮಾನವೂ ಬೇಡವಾದರೆ ಇನ್ನು ಉಳಿಯುವುದೇನು? ನಾನು ಎಲೆ ಎತ್ತಲಿಲ್ಲ.

"ಮಾವ, ಅದ್ ಎಡದ್ ಇಂಜಿನ್ನಗೇ ಮನಿಗ್ ಬಂದದ್ದಲ್ದಾ? ನೀವ್ ಎಡಗೈಯಗ್ ಹಾಕ್ರೆ ಅದ್ ಬ್ಯಾಡ ಅಂಬುದಾ?"

ಮಾವ ಸ್ಪ್ಯಾನರಿನತ್ತ ತಿರುಗಿದರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಎಡಗೈ ಮುಂದೆ ಬಂದು ಚಮಚ ಹಿಡಿಯಿತು, ತೂಗಿತು, ವಾಲಿತು. ಅರ್ಧ ಎಣ್ಣೆ ಎಲೆಗೆ, ಅರ್ಧ ನೆಲಕ್ಕೆ.

ಅತ್ತೆ ಬೈಯಲಿಲ್ಲ. ಆ ಕಲೆಯನ್ನು ಇವತ್ತಿನವರೆಗೂ ಒರೆಸಿಲ್ಲ.