ಶಿವಪ್ರಸಾದನ ಸಬ್ಬತ್

ಎಲ್ಲಕ್ಕೂ ಮೂಲ ಅಂಗೈಯಗಲದ ಒಂದು ಪುಸ್ತಕ. ಎಡಿಸನ್‌ನಿಂದ ನ್ಯೂಯಾರ್ಕಿಗೆ ಹೋಗುವ ರೈಲಿನಲ್ಲಿ ಎದುರುಮನೆಯ ಡೇನಿಯಲ್ ದಿನವೂ ಅದನ್ನು ತೆಗೆದು, ತನ್ನ ಯಹೂದಿ ಧರ್ಮದ ಎರಡು ಕಟ್ಟಳೆ ಓದಿ, ಸೀಕಾಕಸ್ ಸ್ಟೇಷನ್ ಬರುವಷ್ಟರಲ್ಲಿ ಮುಚ್ಚಿಡುತ್ತಿದ್ದ. "ದಿನಾ ಓದಿದವನಿಗೆ ಪರಲೋಕದಲ್ಲಿ ಜಾಗ ಖಾತ್ರಿ" ಎಂದಿದ್ದ. ರೈಲಿನಲ್ಲೇ ಜಾಗ ಸಿಗದೆ ನಿಂತು ಹೋಗುವ ಶಿವಪ್ರಸಾದನಿಗೆ ಆಸೆಯಾಯಿತು. ಡೇನಿಯಲ್ ಅವನಿಗೂ ಒಂದು ಪ್ರತಿ ಕೊಟ್ಟ.

ಶುಕ್ರವಾರದ ಪಾಠ ನೋಡಿ ಶಿವಪ್ರಸಾದನ ಕಣ್ಣಲ್ಲಿ ನೀರೇ ಬಂತು. ಶನಿವಾರ ಸಬ್ಬತ್, ಅಂದು ಕೆಲಸ ಕೂಡದು! ಗರಾಜ್ ಕ್ಲೀನ್ ಮಾಡಿ ಅಂತ ಹೆಂಡತಿ ಸೌಜನ್ಯ ಆರು ತಿಂಗಳಿಂದ ಹೇಳಿ ಹೇಳಿ, ಈ ಶನಿವಾರಕ್ಕೆ ಗಡುವು ಕೊಟ್ಟಿದ್ದಳು. ಕಾರೊಂದನ್ನು ಬಿಟ್ಟು ಮನೆಯ ಮಿಕ್ಕೆಲ್ಲ ಸಾಮಾನೂ ಆ ಗರಾಜಿನಲ್ಲಿತ್ತು.

ಶನಿವಾರ ಬೆಳಿಗ್ಗೆ ಸೋಫಾದ ಮೇಲೆ ಕಾಲು ಚಾಚಿ ಹೇಳಿದ: "ಇವತ್ತು ನಾನು ಕೆಲಸ ಮುಟ್ಟೋ ಹಾಗಿಲ್ಲ ಕಣೇ. ವ್ರತ."

"ಯಾರ ವ್ರತ?"

"ಡೇನಿಯಲ್‌ದು."

ಸೌಜನ್ಯ ಜಗಳವಾಡಲಿಲ್ಲ. ಅವನಿಗೆ ಭಯವಾದದ್ದೇ ಅದಕ್ಕೆ. ಅವಳು ಪಕ್ಕದ ಮನೆಯ ಈಶಣ್ಣನವರಿಗೆ ಫೋನ್ ಮಾಡಿದಳು. ಉಡುಪಿ ಕಡೆಯ ಈಶಣ್ಣ ಇಲ್ಲಿ ಸಸ್ಯಾಹಾರಿ ಹೋಟೆಲ್ ಇಟ್ಟವರು. ಯಹೂದಿ ಗಿರಾಕಿಗಳಿಗೋಸ್ಕರ ಅವರ ಧರ್ಮಗುರು ಆಗಾಗ ಬಂದು ಅಡುಗೆಮನೆ ತಪಾಸಣೆ ಮಾಡುತ್ತಿದ್ದುದರಿಂದ, ಆ ಧರ್ಮದಲ್ಲಿ ತಾವೂ ಅರ್ಧ ಪಂಡಿತರೆಂದೇ ಅವರ ನಂಬಿಕೆ.

"ಒಳ್ಳೇದಾಯ್ತು ಮಾರಾಯ್ರೆ! ಮಾಡುದಾದ್ರೆ ಸಮಾ ಮಾಡ್ಬೇಕು" ಎನ್ನುತ್ತ ಬಂದ ಈಶಣ್ಣ ಶಿವಪ್ರಸಾದನ ಎದುರಿಗೇ ಕುರ್ಚಿ ಹಾಕಿಕೊಂಡರು.

ಶಿವಪ್ರಸಾದ ಕಾಫಿಗೆಂದು ಎದ್ದ. "ಒಲೆ ಹಚ್ಲಿಕ್ಕಿಲ್ಲ!" ಫೋನಿಗೆ ಕೈ ಹಾಕಿದ. "ಅದೂ ಆಗ್ಲಿಕ್ಕಿಲ್ಲ." ಹೋಗಲಿ, ತಣ್ಣನೆ ಹಾಲಾದರೂ ಕುಡಿಯೋಣವೆಂದು ಫ್ರಿಜ್ ಹತ್ತಿರ ಹೋದ. "ಅಯ್ಯೋ, ಬಾಗಿಲು ತೆಗೆದ್ರೆ ಒಳಗೆ ಲೈಟು ಹತ್ತುದಿಲ್ವಾ?"

ಹನ್ನೊಂದಕ್ಕೆ ಸೌಜನ್ಯ ನಿನ್ನೆಯ ಚಿತ್ರಾನ್ನ ತಂದಿಟ್ಟಳು. ಶಿವಪ್ರಸಾದ ಬಕಾಸುರನಂತೆ ಬಗ್ಗಿದವನು, ಅಭ್ಯಾಸಬಲದಿಂದ ಕರಿಬೇವು ಆರಿಸಿ ತಟ್ಟೆಯ ಅಂಚಿಗಿಟ್ಟ.

"ತಪ್ಪು, ತಪ್ಪು! ಬೇಡದ್ದನ್ನು ಆರಿಸಿ ತೆಗೆಯುದೂ ಕೆಲಸವೇ!"

"ಮತ್ತೆ ಕರಿಬೇವು ಏನ್ ಮಾಡ್ಲಿ ಅಂಕಲ್?"

"ತಿನ್ನಿ."

ತಿಂದ. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತೇ ಇರಲಿಲ್ಲ. ಪುಣ್ಯ ಬರುತ್ತಿದೆಯೋ ತಲೆನೋವು ಬರುತ್ತಿದೆಯೋ, ಒಂದೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಪ್ರಾರ್ಥನೆ ಮುಗಿಸಿ, ಹಾಡು ಗುನುಗುತ್ತ ನಡೆದು ಬರುತ್ತಿದ್ದ ಡೇನಿಯಲ್ ಕಿಟಕಿಯಲ್ಲಿ ಕಂಡ. ಶಿವಪ್ರಸಾದ ಬರಿಗಾಲಲ್ಲೇ ಓಡಿ ಅವನನ್ನು ಒಳಗೆ ಕರೆತಂದ.

ಸಂಗತಿ ಕೇಳಿ ಡೇನಿಯಲ್ ಮೊದಲು ಬೆಪ್ಪಾದ, ಆಮೇಲೆ ನಕ್ಕ. "ಶಿವ, ಓದು ಅಂತ ಕೊಟ್ಟೆ, ಕಾಫಿ ಬಿಡು ಅಂತಲ್ಲ! ಈ ಕಟ್ಟಳೆಗಳೆಲ್ಲ ಯಹೂದಿಗಳಿಗೆ. ನಿನಗಲ್ಲ."

ಶಿವಪ್ರಸಾದನಿಗೆ ಹೋದ ಜೀವ ಬಂತು. ಒಂದೇ ನೆಗೆತಕ್ಕೆ ಒಲೆ ಹಚ್ಚಿ, ಕಾಫಿಗಿಟ್ಟು, ಫೋನ್ ಎತ್ತಿಕೊಂಡ. "ಹಾಗಾದ್ರೆ ನಾನು ಏನು ಬೇಕಾದ್ರೂ ಮಾಡ್ಬಹುದು, ಏನೂ ಮಾಡ್ದೆ ಮಲಗ್ಲೂಬಹುದು ಅಲ್ವಾ?"

"ಅದೊಂದು ಆಗಲ್ಲ" ಎಂದ ಡೇನಿಯಲ್, ಪಾಪ, ಪ್ರಾಮಾಣಿಕ ಮನುಷ್ಯ. "ಯಹೂದಿಯಲ್ಲದವನು ಸಬ್ಬತ್ತನ್ನು ಪೂರ್ತಿ ಆಚರಿಸಬಾರದು ಅಂತ ನಮ್ಮ ಹಳೇ ಗ್ರಂಥಗಳಲ್ಲೇ ಇದೆ. ಅವತ್ತು ಅವನು ಏನಾದರೊಂದು ಕೆಲಸ ಮಾಡಲೇಬೇಕು."

"ಕಾಫಿ ಮಾಡಿದ್ನಲ್ಲ?" ಎಂದ ಶಿವಪ್ರಸಾದ, ಸಣ್ಣ ದನಿಯಲ್ಲಿ.

"ಅಷ್ಟು ಮಾಡಿದರೂ ಸಾಕು..." ಡೇನಿಯಲ್ ಮಾತು ಮುಗಿಸುವಷ್ಟರಲ್ಲಿ ಸೌಜನ್ಯ ಕೇಳಿದಳು: "ಪ್ರತಿ ಶನಿವಾರಾನಾ?"

"ಪ್ರತಿ ಶನಿವಾರ."

ಅವಳು ಗಂಡನ ಕೈಗೆ ಪೊರಕೆ ಕೊಟ್ಟು, ಟೀಪಾಯಿಯ ಮೇಲಿದ್ದ ಪುಟ್ಟ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು.

"ಧರ್ಮದ ಮಾತು, ಮೀರಬಾರ್ದು ರೀ. ಗರಾಜ್ ಮುಗಿಸ್ಬಿಡಿ" ಎಂದಳು. "ಇನ್ಮೇಲೆ ದಿನಾ ಎರಡು ಕಟ್ಟಳೆ ನಾನೇ ಓದ್ತೀನಿ."